ಇನ್ನು ಮುಂದೆ ನಾವು ಎಲ್ಲಿ ಸಿಗುತ್ತೇವೆ: ಇಳಕಲ್ ನೇಕಾರರ ಸಂಘದಿಂದ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರಿಗೆ, ಇಳಕಲ್ಲಿನ ನಮ್ಮ ಕೈಮಗ್ಗ ನೇಕಾರರ ಸಹಕಾರ ಸಂಘದ ನಮಸ್ಕಾರಗಳು.

ಬರುವ ತಿಂಗಳ ಒಂದನೇ ತಾರೀಖಿನಿಂದ ಸೀರೆಗಳ ಬೇಡಿಕೆಯನ್ನು ವಾಟ್ಸ್‌ಆ್ಯಪ್ ಮತ್ತು ದೂರವಾಣಿಯಲ್ಲಿ ಮಾತ್ರ ಪಡೆಯುತ್ತೇವೆ. ಇಳಕಲ್ಲಿನ ಮಳಿಗೆ ಎಂದಿನಂತೆ ತೆರೆದಿರುತ್ತದೆ. ಇನ್‌ಸ್ಟಾಗ್ರಾಂ ಖಾತೆ ಉಳಿಯುತ್ತದೆ, ಆದರೆ ಅಲ್ಲಿ ಮಾರಾಟ ಇರುವುದಿಲ್ಲ. ಫೇಸ್‌ಬುಕ್ ಪುಟಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ. ಎಕ್ಸ್ (ಹಿಂದಿನ ಟ್ವಿಟರ್) ಖಾತೆಯನ್ನು ಮುಚ್ಚುತ್ತೇವೆ. ಯೂಟ್ಯೂಬ್‌ಗೆ ಮಾತ್ರ ಮೊದಲಿಗಿಂತ ಹೆಚ್ಚು ಸಮಯ ಕೊಡಲಿದ್ದೇವೆ. ಆಡಳಿತ ಮಂಡಳಿಯ ಸಭೆಯಲ್ಲಿ ಇದರ ಬಗ್ಗೆ ಬಿಸಿಬಿಸಿ ಚರ್ಚೆಯೇ ನಡೆಯಿತು. ವರ್ಷಗಳಿಂದ ನಮ್ಮ ಸೀರೆ ಉಟ್ಟವರಿಗೆ ಕಾರಣ ಹೇಳದೆ ದಾರಿ ಬದಲಿಸುವುದು ಸರಿಯಲ್ಲ ಎಂದು ಈ ಪತ್ರ.

ಎಲ್ಲಕ್ಕೂ ಮೂಲ ಕಾರಣ ನಮ್ಮ ಮಗ್ಗ. ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಸಾಮಾನ್ಯವಾಗಿ ಹತ್ತಿಯ ನೂಲು, ಸೆರಗಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆ. ಎರಡೂ ಹಾಸುಗಳ ಎಳೆಗಳನ್ನು ಕುಣಿಕೆಯಾಗಿ ಒಂದರೊಳಗೊಂದು ತೂರಿಸಿ ಬೆಸೆಯುವುದಕ್ಕೆ ಕೊಂಡಿ ಎನ್ನುತ್ತಾರೆ. ಕೊಂಡಿ ಹಾಕಬೇಕೆಂದರೆ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿ ಹೂಡಬೇಕು. ಒಮ್ಮೆ ಉದ್ದಕ್ಕೆ ಹಾಸು ಹೂಡಿ ಸಾಲಾಗಿ ಸೀರೆಗಳನ್ನು ಇಳಿಸಿಕೊಳ್ಳುವ ಅನುಕೂಲ ಇಲ್ಲಿಲ್ಲ. ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗದಲ್ಲಿ ಕುಳಿತು ಲಾಳಿ ಹಾಕುವವರೊಬ್ಬರು, ಮನೆಯಲ್ಲಿ ಲಾಳಿಯ ನೂಲಿನ ಕಂಡಿಕೆ ಸುತ್ತುವವರೊಬ್ಬರು, ಹಾಸು ಸಿದ್ಧಪಡಿಸುವವರೊಬ್ಬರು, ಇಷ್ಟು ಜನರ ಹಲವು ದಿನಗಳ ದುಡಿಮೆ ಸೇರಿದರೆ ಒಂದು ಸೀರೆ.

ಇಂಥ ವಸ್ತುವಿಗೆ ಏಕಾಏಕಿ ಬರುವ ಪ್ರಚಾರದಿಂದ ಆಗುವುದೇನು ಎಂಬುದನ್ನು ಹೋದ ದೀಪಾವಳಿಯ ಮುಂಚೆ ಕಣ್ಣಾರೆ ಕಂಡೆವು. ಗಿರಿಕುಂಕುಮ ಬಣ್ಣದ ಸೀರೆಯೊಂದರ ಪುಟ್ಟ ರೀಲ್ ಕೈಯಿಂದ ಕೈಗೆ ಹರಿದಾಡಿತು. ಬೆಲೆ ಎಷ್ಟು, ನಾಳೆಯೇ ಕಳಿಸುತ್ತೀರಾ, ಹತ್ತು ಸೀರೆ ಬೇಕು, ಇಪ್ಪತ್ತು ಬೇಕು ಎಂದು ರಾತ್ರಿಯೆಲ್ಲ ಸಂದೇಶಗಳು. ಆ ಬಣ್ಣದ ಸೀರೆಗಳು ಸಂಘದ ಕಪಾಟಿನಲ್ಲಿ ಬೆರಳೆಣಿಕೆಯಷ್ಟಿದ್ದವು. ಕಾಯಬೇಕಾಗುತ್ತದೆ ಎಂದಾಗ ಹೆಚ್ಚಿನವರು ಸುಮ್ಮನಾದರು. ಆಗಲೇ ಒಬ್ಬ ವ್ಯಾಪಾರಿ ಬಂದು, ಅದೇ ಬಣ್ಣದ ವಿದ್ಯುತ್ ಮಗ್ಗದ ಸೀರೆಗಳನ್ನು ತಾನು ಒದಗಿಸುವುದಾಗಿಯೂ ನಮ್ಮ ಚೀಟಿ ಅಂಟಿಸಿ ಕಳಿಸಬಹುದೆಂದೂ ಹೇಳಿದರು. ಅವರನ್ನು ಬಾಗಿಲಿನಿಂದಲೇ ಕಳಿಸಿದೆವು. ಆದರೆ ದೊಡ್ಡ ಬೇಡಿಕೆ ಬಂದಷ್ಟೂ ಇಂಥ ಆಮಿಷವೂ ದೊಡ್ಡದಾಗುತ್ತದೆ. ವಿದ್ಯುತ್ ಮಗ್ಗದವರ ದುಡಿಮೆಯ ಬಗ್ಗೆ ನಮಗೆ ಗೌರವವಿದೆ. ಅವರ ಬಟ್ಟೆಯನ್ನು ಕೈಮಗ್ಗದ ಬೆಲೆಗೆ, ಕೈಮಗ್ಗದ ಹೆಸರಿನಲ್ಲಿ ಮಾರುವುದು ಮೋಸ.

ಹಾಗಾಗಿ ಸಭೆಯಲ್ಲಿ ನಾವು ಕೇಳಿಕೊಂಡ ಪ್ರಶ್ನೆ, ಎಲ್ಲಿ ಹೆಚ್ಚು ಜನರಿದ್ದಾರೆ ಎಂಬುದಾಗಿರಲಿಲ್ಲ. ಸೀರೆ ಕೊಳ್ಳುವವರು ಎಲ್ಲಿ ನಿಧಾನವಾಗಿ ಕೇಳಬಹುದು, ನಾವು ಎಲ್ಲಿ ಸರಿಯಾಗಿ ಉತ್ತರಿಸಬಹುದು ಎಂದು ಕೇಳಿಕೊಂಡೆವು. ಆ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ ವಾಟ್ಸ್‌ಆ್ಯಪ್.

ನೀವು ಕೇಳುವ ಪ್ರಶ್ನೆಗಳೇ ಇದಕ್ಕೆ ಸಾಕ್ಷಿ. ದಡಿ ಗಾಡಿಯದೋ ಗೋಮಿಯದೋ? ಪರಾಸಪೇಟಿ ದಡಿ ಇದೆಯೇ? ಆರು ವಾರಿಯೋ ಒಂಬತ್ತು ವಾರಿಯೋ? ಒಡಲಿನಲ್ಲಿ ಚೌಕಳಿ ಎಷ್ಟು ದೊಡ್ಡದು? ಕೊಲ್ಹಾಪುರದ ತಾಯಿಯೊಬ್ಬರು ಒಡಲು ಸೆರಗು ಕೂಡುವ ಜಾಗವನ್ನು ಹಿಂದುಮುಂದು ತಿರುಗಿಸಿ ತೋರಿಸಿ ಎಂದರು. ನಮ್ಮ ಮಳಿಗೆಯ ಸಿಬ್ಬಂದಿ ವಿಡಿಯೊ ಕರೆ ಮಾಡಿ, ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಕೊಂಡಿಯ ಸಾಲನ್ನು ಸವರಿ ತೋರಿಸಿದರು. ಅವರು ತೃಪ್ತಿಯಿಂದ ಕೊಂಡರು. ಇಂಥ ಮಾತುಕತೆ ಸಾವಿರ ಜನರ ಮುಂದೆ ಪ್ರತಿಕ್ರಿಯೆಗಳ ಸಾಲಿನಲ್ಲಿ ನಡೆಯುವಂಥದ್ದಲ್ಲ.

2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಸಣ್ಣ ವ್ಯಾಪಾರಸ್ಥರಿಗೆಂದೇ ಮಾಡಿದ್ದು, ಶುಲ್ಕವಿಲ್ಲ. ಅದರಲ್ಲಿ ಸೀರೆಗಳ ಪಟ್ಟಿಯನ್ನು ಚಿತ್ರ, ಬೆಲೆ ಸಮೇತ ಇಡಬಹುದು. ಮಾರಾಟವಾದ ಸೀರೆಯನ್ನು ಅದೇ ದಿನ ಪಟ್ಟಿಯಿಂದ ತೆಗೆಯುತ್ತೇವೆ. ಹೊಸ ಸೀರೆಗಳು ಮಗ್ಗದಿಂದ ಇಳಿದಾಗ ಎಲ್ಲರಿಗೂ ತಿಳಿಸುವುದು ಹೇಗೆ ಎಂಬ ಬಗ್ಗೆ ಹೆಚ್ಚು ಯೋಚಿಸಬೇಕಾಯಿತು. ಗುಂಪು ಮಾಡಿದರೆ ಒಬ್ಬರ ಮೊಬೈಲ್ ಸಂಖ್ಯೆ ಉಳಿದವರಿಗೆಲ್ಲ ಕಾಣುತ್ತದೆ. ನಮ್ಮ ಗ್ರಾಹಕರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಅವರ ಸಂಖ್ಯೆಯನ್ನು ಅಪರಿಚಿತರ ಕೈಗೆ ಕೊಡುವ ಕೆಲಸವನ್ನು ಸಂಘ ಯಾವ ಲಾಭಕ್ಕೂ ಮಾಡುವುದಿಲ್ಲ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಈ ತೊಂದರೆ ಇಲ್ಲ, ಆದರೆ ಒಂದು ಪಟ್ಟಿಗೆ 256 ಜನರ ಮಿತಿಯಿದೆ. ಸಾಲದ್ದಕ್ಕೆ, ನಮ್ಮ ಸಂಖ್ಯೆಯನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಕೊನೆಗೆ ಒಪ್ಪಿದ್ದು ವಾಟ್ಸ್‌ಆ್ಯಪ್ ಚಾನೆಲ್. ಅಲ್ಲಿ ಸೇರಿದವರಿಗೆ ಇನ್ನೊಬ್ಬರ ಸಂಖ್ಯೆ ಕಾಣುವುದಿಲ್ಲ. ಬೇಡವೆನಿಸಿದಾಗ ಯಾರನ್ನೂ ಕೇಳದೆ ಹೊರಹೋಗಬಹುದು. ಅಲ್ಲಿ ನೀವು ನಮಗೆ ಬರೆಯಲಾಗುವುದಿಲ್ಲ, ಸೀರೆ ಇಷ್ಟವಾದರೆ ಸಂಘದ ಸಂಖ್ಯೆಗೆ ನೇರವಾಗಿ ಸಂದೇಶ ಕಳಿಸಬೇಕು. ಮುಂಜಾನೆಯ ಶುಭಾಶಯ, ಸುಭಾಷಿತ, ರಾಜಕೀಯ ಯಾವುದೂ ಅಲ್ಲಿ ಬರುವುದಿಲ್ಲವೆಂದು ಮಾತು ಕೊಡುತ್ತೇವೆ. ಸೀರೆ ಇಳಿದ ದಿನ ಮಾತ್ರ ಸಂದೇಶ ಬರುತ್ತದೆ.

ಬಣ್ಣದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಮೊಬೈಲ್ ಕ್ಯಾಮೆರಾ ಕೆಂಪನ್ನು ಹಿಡಿಯುವಷ್ಟು ಕೆಟ್ಟದಾಗಿ ಬೇರೆ ಬಣ್ಣವನ್ನು ಹಿಡಿಯುವುದಿಲ್ಲ ಎಂಬುದು ನಮ್ಮ ಅನುಭವ. ದಾಳಿಂಬೆಯ ಕೆಂಪು ಒಬ್ಬರ ಪರದೆಯಲ್ಲಿ ಕಿತ್ತಳೆಗೆ ತಿರುಗಿದರೆ ಇನ್ನೊಬ್ಬರ ಪರದೆಯಲ್ಲಿ ಕಂದಾಗಿ ಕಾಣುತ್ತದೆ. ಚಿತ್ರಕ್ಕೆ ಹೊಳಪು ಹಚ್ಚುವ ಫಿಲ್ಟರ್‌ಗಳಂತೂ ನವಿಲುಗರಿಯ ಹಸಿರನ್ನು ಬೇರೆಯೇ ಬಣ್ಣ ಮಾಡಿಬಿಡುತ್ತವೆ. ಇನ್ನು ಮುಂದೆ ಎಲ್ಲ ಚಿತ್ರಗಳನ್ನು ಹಗಲು ಬೆಳಕಿನಲ್ಲಿ, ಸಂಘದ ಪಡಸಾಲೆಯಲ್ಲಿ, ಯಾವ ಫಿಲ್ಟರ್ ಇಲ್ಲದೆ ತೆಗೆಯುತ್ತೇವೆ. ಪ್ರತಿ ಚಿತ್ರದಲ್ಲೂ ಸೀರೆಯ ಪಕ್ಕ ಒಂದೇ ಬಿಳಿ ಬಟ್ಟೆ ಇರುತ್ತದೆ. ಆ ಬಿಳುಪು ನಿಮ್ಮ ಪರದೆಯಲ್ಲಿ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಅಷ್ಟೇ ಹಳದಿಗೆ ಜಾರಿದೆ ಎಂದು ತಿಳಿಯಿರಿ. ಮದುವೆಗೆ, ಸೀಮಂತಕ್ಕೆ ಬಣ್ಣ ಸರಿಯಾಗಿ ಹೊಂದಲೇಬೇಕೆನ್ನುವವರು ವಿಳಾಸ ಕೊಟ್ಟರೆ ಅದೇ ನೂಲಿನ ಎಳೆಗಳನ್ನು ಅಂಚೆ ಲಕೋಟೆಯಲ್ಲಿ ಕಳಿಸುತ್ತೇವೆ. ಇದಕ್ಕೆ ಹಣ ಪಡೆಯುವುದಿಲ್ಲ.

ಇನ್‌ಸ್ಟಾಗ್ರಾಂ ಬಗ್ಗೆ ಸಭೆಯಲ್ಲಿ ಎರಡು ಅಭಿಪ್ರಾಯಗಳಿದ್ದವು, ಎರಡರಲ್ಲೂ ಹುರುಳಿತ್ತು. ಖಾತೆಯನ್ನು ನೋಡಿಕೊಳ್ಳುವವರು ನಮ್ಮ ನೇಕಾರರೊಬ್ಬರ ಮಗಳು, ಕಾಲೇಜಿನಲ್ಲಿ ಓದುತ್ತಿದ್ದಾರೆ. ಇಳಕಲ್ ಸೀರೆ ಅಜ್ಜಿಯರದಷ್ಟೇ ಎಂದುಕೊಂಡಿದ್ದ ತನ್ನ ವಯಸ್ಸಿನವರು ಅದನ್ನು ಮತ್ತೆ ಉಡಲು ಶುರುಮಾಡಿದ್ದು ಅಲ್ಲಿನ ಚಿತ್ರಗಳನ್ನು ನೋಡಿಯೇ ಎಂದು ಅವರು ವಾದಿಸಿದರು. ಅದು ನಿಜ. ಬೆಂಗಳೂರು, ಪುಣೆಗಳಿಂದ ಬಂದ ಹೊಸ ಗ್ರಾಹಕರಲ್ಲಿ ಅನೇಕರು ನಮ್ಮನ್ನು ಮೊದಲು ನೋಡಿದ್ದು ಅಲ್ಲಿಯೇ. ಆದರೆ 2020ರ ಜುಲೈನಲ್ಲಿ ರೀಲ್ಸ್ ಬಂದಾಗಿನಿಂದ ದಿನವೂ ಏನಾದರೊಂದು ಹಾಕುತ್ತಲೇ ಇರಬೇಕೆಂಬ ಒತ್ತಡ ಬೆಳೆಯಿತು. ಹಾಡಿಗೆ ತಕ್ಕಂತೆ ಸೆರಗು ಹಾರಿಸುವ ವಿಡಿಯೊ ಮಾಡಲು ಮಗ್ಗದವರನ್ನು ಎಬ್ಬಿಸಿ ನಿಲ್ಲಿಸುವುದು ನಮಗೆ ಒಪ್ಪಿಗೆಯಿಲ್ಲ. ನೇಕಾರರಿಗೆ ಮಜೂರಿ ಸಿಗುವುದು ನೇಯ್ದದ್ದಕ್ಕೆ. ಎದ್ದು ನಿಂತ ಹೊತ್ತಿಗೆ ಯಾರೂ ಕೊಡುವುದಿಲ್ಲ. ಆದ್ದರಿಂದ ಅಲ್ಲಿ ಇನ್ನು ನಿಶ್ಚಲ ಚಿತ್ರಗಳು ಮಾತ್ರ ಇರುತ್ತವೆ, ಹಣ ಕೊಟ್ಟು ಹಾಕಿಸುವ ಜಾಹೀರಾತು ನಿಲ್ಲುತ್ತದೆ. ಉಳಿಯುವ ಹಣದಲ್ಲಿ ಒಂದು ಪಾಲನ್ನು ಖಾತೆ ನೋಡಿಕೊಳ್ಳುವ ಆ ವಿದ್ಯಾರ್ಥಿನಿಗೆ ಗೌರವಧನವಾಗಿ ಕೊಡಲು ಸಭೆ ಒಪ್ಪಿದೆ. ಮೊದಲೇ ಆಗಬೇಕಿದ್ದ ನ್ಯಾಯವಾದ ಕೆಲಸ ಅದು.

ಯೂಟ್ಯೂಬ್ ಇದಕ್ಕಿಂತ ಬೇರೆ ರೀತಿಯದು. ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಗಳಲ್ಲಿ ಮಾಯವಾಗುತ್ತದೆ. ಯೂಟ್ಯೂಬ್‌ನಲ್ಲಿ ಇಂದು ಹಾಕಿದ ವಿಡಿಯೊವನ್ನು ಮೂರು ವರ್ಷದ ನಂತರ ಯಾರೋ ‘ಇಳಕಲ್ ಸೀರೆ ಗುರುತಿಸುವುದು ಹೇಗೆ’ ಎಂದು ಹುಡುಕಿ ನೋಡುತ್ತಾರೆ. ನಮಗೆ ಬೇಕಾದದ್ದು ಅಂಥ ನೋಡುಗರು. ಬೇರೆಲ್ಲೂ ಜಾಗವಿಲ್ಲದಷ್ಟು ಉದ್ದದ ವಿಡಿಯೊಗಳನ್ನು ಅಲ್ಲಿ ಹಾಕುತ್ತೇವೆ. ಮೊದಲನೆಯದರಲ್ಲಿ ಕೊಂಡಿ ಹಾಕುವ ಕೆಲಸ ಆರಂಭದಿಂದ ಕೊನೆಯವರೆಗೆ ಇರುತ್ತದೆ. ಎರಡನೆಯದು ತೋಪತೆನಿ ಸೆರಗಿನ ಬಗ್ಗೆ: ಮೂರು ಕೆಂಪು ಭಾಗಗಳು, ಅವುಗಳ ನಡುವೆ ಎರಡು ಬಿಳಿಯ ಭಾಗಗಳು ಹೇಗೆ ಮೂಡುತ್ತವೆ, ಜೋಳದ ತೆನೆಯ ಆಕಾರ ಯಾವುದು, ಹಣಿಗೆಯ ಹಲ್ಲಿನ ಆಕಾರ ಯಾವುದು ಎಂದು ಹಿರಿಯ ನೇಕಾರರೇ ಹೇಳುತ್ತಾರೆ. ಹಿನ್ನೆಲೆ ಸಂಗೀತ ಇರುವುದಿಲ್ಲ, ಮಗ್ಗದ ಸದ್ದೇ ಇರುತ್ತದೆ. ಇವನ್ನು ನೋಡಿದವರು ನಮ್ಮಲ್ಲೇ ಕೊಳ್ಳಬೇಕೆಂದಿಲ್ಲ. ಅಂಗಡಿಯಲ್ಲಿ ಕೈಮಗ್ಗದ ಸೀರೆ ಎಂದು ಮುಂದಿಟ್ಟದ್ದನ್ನು ತಾವೇ ಪರೀಕ್ಷಿಸುವಂತಾದರೆ ಇಳಕಲ್ಲಿನ ಎಲ್ಲ ನೇಕಾರರಿಗೂ ಒಳ್ಳೆಯದು.

ಫೇಸ್‌ಬುಕ್ ಪುಟವನ್ನು ಅಳಿಸದಿರುವುದಕ್ಕೆ ಕಾರಣ ಹೊರದೇಶಗಳಲ್ಲಿರುವ ಕನ್ನಡಿಗರು. ಅವರಲ್ಲಿ ಹಲವರಿಗೆ ನಮ್ಮ ಗುರುತು ಸಿಕ್ಕಿದ್ದು ಅಲ್ಲಿ. ಪುಟದ ಮೇಲ್ಭಾಗದಲ್ಲಿ ಸಂಘದ ಸಂಖ್ಯೆ ಇರುತ್ತದೆ, ಆದರೆ ಅಲ್ಲಿ ಬರೆದ ಸಂದೇಶಗಳನ್ನು ಯಾರೂ ನೋಡುವುದಿಲ್ಲ, ದಯವಿಟ್ಟು ಅಲ್ಲಿ ಬರೆಯಬೇಡಿ. ಎಕ್ಸ್‌ನಲ್ಲಿ ಸೀರೆಗಿಂತ ವಾಗ್ವಾದವೇ ಹೆಚ್ಚು. ಅದರ ಬಗ್ಗೆ ಹೇಳಲು ಬೇರೇನೂ ಇಲ್ಲ.

ಗೂಗಲ್ ನಕ್ಷೆಯಲ್ಲಿ ಮಳಿಗೆಯ ವಿವರಗಳನ್ನು ಹೊಸದಾಗಿ ಸರಿಪಡಿಸಿದ್ದೇವೆ. ಬಾದಾಮಿ, ಐಹೊಳೆ, ಕೂಡಲಸಂಗಮ ನೋಡಿಕೊಂಡು ಇತ್ತ ಬರುವವರು ದಾರಿ ಹುಡುಕುವುದು ಅಲ್ಲೇ. ಬಂದವರು ಮಗ್ಗದ ಪಕ್ಕ ನಿಂತು ನೋಡಬಹುದು, ಆದರೆ ನೇಯುತ್ತಿರುವವರ ಫೋಟೊ ತೆಗೆಯುವ ಮುನ್ನ ಅವರನ್ನು ಒಂದು ಮಾತು ಕೇಳಿ.

ವಾಟ್ಸ್‌ಆ್ಯಪ್ ಒಂದನ್ನೇ ನೆಚ್ಚಿಕೊಳ್ಳುವುದು ಸರಿಯೇ ಎಂದು ನಮ್ಮ ಹಿರಿಯ ನಿರ್ದೇಶಕರೊಬ್ಬರು ಕೇಳಿದರು. ನ್ಯಾಯವಾದ ಆತಂಕ. 2020ರ ಜೂನ್ ಕೊನೆಯಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ, ಅದನ್ನೇ ನಂಬಿ ವ್ಯಾಪಾರ ಕಟ್ಟಿಕೊಂಡಿದ್ದವರಿಗೆ ಗ್ರಾಹಕರನ್ನು ಮತ್ತೆ ತಲುಪುವ ದಾರಿಯೇ ಮುಚ್ಚಿತು. ಬೆಂಗಳೂರಿನಲ್ಲಿ ಹುಟ್ಟಿ ಕನ್ನಡಕ್ಕೂ ಜಾಗ ಕೊಟ್ಟಿದ್ದ ‘ಕೂ’ ಎಂಬ ಸಾಮಾಜಿಕ ಜಾಲತಾಣ 2024ರ ಜುಲೈನಲ್ಲಿ ನಿಂತಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೆ ಸ್ಥಗಿತಗೊಂಡವು. ಮೂರೂ ಒಂದೇ ಕಂಪನಿಯವು, ಒಂದು ಕೈಕೊಟ್ಟರೆ ಇನ್ನೊಂದು ಆಸರೆಯಾಗುತ್ತದೆ ಎಂದು ನಂಬುವಂತಿಲ್ಲ. ಅದಕ್ಕಾಗಿಯೇ ಸಂಘದ ಗ್ರಾಹಕರ ವಹಿಯನ್ನು ಕಾಗದದ ಮೇಲೆ ಬರೆದಿಡುವುದನ್ನು ಮುಂದುವರಿಸುತ್ತೇವೆ. ಅದರಲ್ಲಿ ಹೆಸರು, ಊರು, ದೂರವಾಣಿ ಸಂಖ್ಯೆ, ಕೊಂಡ ಸೀರೆಯ ವಿವರ ಇಷ್ಟೇ ಇರುತ್ತದೆ. ಬೇಡವೆಂದವರ ಹೆಸರನ್ನು ಹೊಡೆದುಹಾಕುತ್ತೇವೆ. ಮೊಬೈಲ್ ಪರದೆಯ ಗೋಜೇ ಬೇಡ ಎನ್ನುವ ತಾಯಂದಿರು ಎಂದಿನಂತೆ ಕರೆ ಮಾಡಿ. ಅವರಿಗೆ ವರ್ಷಕ್ಕೆರಡು ಬಾರಿ, ಯುಗಾದಿಗೂ ದೀಪಾವಳಿಗೂ ಮುಂಚೆ, ಅಂಚೆ ಕಾರ್ಡ್ ಬರುತ್ತದೆ.

ಒಂದು ಎಚ್ಚರಿಕೆಯ ಮಾತು. ನಮ್ಮ ಚಿತ್ರಗಳನ್ನು ಕದ್ದು, ನಮ್ಮದೇ ಹೆಸರನ್ನು ಹೋಲುವ ಖಾತೆ ತೆರೆದು, ಅರ್ಧ ಬೆಲೆಗೆ ಸೀರೆ ಎಂದು ಮುಂಗಡ ಕೀಳುವವರಿದ್ದಾರೆ. ಇಬ್ಬರು ಗ್ರಾಹಕರು ಹೀಗೆ ಹಣ ಕಳೆದುಕೊಂಡು ನಮಗೆ ತಿಳಿಸಿದಾಗ ತುಂಬ ಸಂಕಟವಾಯಿತು. ಎಲ್ಲಿ ಬೇಕಾದರೂ ಸೀರೆ ಮಾರುತ್ತೇವೆ ಎಂದಿದ್ದಷ್ಟು ದಿನ ನಕಲಿ ಖಾತೆಯವರಿಗೆ ಅನುಕೂಲ. ಈಗ ನಿಮಗೆ ನೆನಪಿಡುವುದು ಸುಲಭ: ಇನ್‌ಸ್ಟಾಗ್ರಾಂನಲ್ಲಾಗಲಿ ಫೇಸ್‌ಬುಕ್‌ನಲ್ಲಾಗಲಿ ನಮ್ಮ ಹೆಸರಿನಲ್ಲಿ ಯಾರು ಹಣ ಕೇಳಿದರೂ ಅದು ನಾವಲ್ಲ. ಯುಪಿಐ ಮೂಲಕ ಪಾವತಿಸುವಾಗ ಪರದೆಯಲ್ಲಿ ಸಂಘದ ಪೂರ್ತಿ ಹೆಸರು ಕಾಣಬೇಕು. ಯಾವುದೇ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ, ಸಂಘಕ್ಕೆ ಕರೆ ಮಾಡಿ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ.

ನಿಮ್ಮಿಂದ ಆಗಬೇಕಾದ ಕೆಲಸ ಸ್ವಲ್ಪವೇ. ರಸೀದಿಯ ಮೇಲೆ ಅಚ್ಚಾಗಿರುವ ಸಂಘದ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಉಳಿಸಿಕೊಂಡು ‘ಚಾನೆಲ್’ ಎಂದು ಒಂದು ಸಂದೇಶ ಕಳಿಸಿ, ಸೇರುವ ಲಿಂಕ್ ಕಳಿಸುತ್ತೇವೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಉತ್ತರ ಸಿಗುತ್ತದೆ. ಆ ನಂತರ ಬಂದ ಸಂದೇಶಗಳಿಗೆ ಮರುದಿನ ಉತ್ತರಿಸುತ್ತೇವೆ. ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಮೂಲಕ ಈಗಾಗಲೇ ಕೊಟ್ಟಿರುವ ಬೇಡಿಕೆಗಳೆಲ್ಲ ಹೇಳಿದ ಬೆಲೆಗೇ, ಹೇಳಿದ ಸಮಯಕ್ಕೇ ನಿಮ್ಮನ್ನು ತಲುಪುತ್ತವೆ. ನಾಗರಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ ಬೇಕಾದವರು ಆಷಾಢ ಹಿಡಿಯುವ ಮುನ್ನವೇ ಬಣ್ಣ, ದಡಿ, ವಾರಿ ತಿಳಿಸಿ. ಆಗ ಹಾಸು ಹೂಡಿದರೆ ಹಬ್ಬದ ಹೊತ್ತಿಗೆ ಸೀರೆ ನಿಮ್ಮ ಮನೆಯಲ್ಲಿರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿ ಮತ್ತು ಸದಸ್ಯ ನೇಕಾರರ ಪರವಾಗಿ)
ಇಳಕಲ್, ಬಾಗಲಕೋಟೆ ಜಿಲ್ಲೆ