ಆ ಚೀಟಿಯಿಂದ ಶುರು ಮಾಡು

ಪ್ರೀತಿಯ ತಂಗೀ,

ಐರಿಶ್ ಪಿಟೀಲುಗಾರರ ಬಗ್ಗೆ ನೀನು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಆ ಸಂಗೀತ ನಿನಗೆ ಎಷ್ಟು ಇಷ್ಟ ಅನ್ನೋದು ಸಾಲುಸಾಲಲ್ಲೂ ಗೊತ್ತಾಗುತ್ತದೆ. ಆದರೆ ಓದಿ ಮುಗಿಸಿದ ಮೇಲೆ ಒಬ್ಬ ಮನುಷ್ಯನೂ ನನ್ನ ಕಣ್ಣ ಮುಂದೆ ನಿಲ್ಲಲಿಲ್ಲ. ಹಸಿರು ಬೆಟ್ಟ, ಮಂಜು, 'ಮೈಮರೆಸುವ ನಾದ' ಇಷ್ಟೇ ಉಳಿಯಿತು. ಈ ಮಾತನ್ನು ಯಾವ ಸಂಗೀತಕ್ಕೆ ಬೇಕಾದರೂ ಹೇಳಬಹುದು, ಅಲ್ವಾ?

ಪಾಡ್ರಿಗ್ ಓ'ಕೀಫ್ ಅವರ ಹೆಸರನ್ನು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀಯ. ನೀನು ಅಲ್ಲೇ ಕೂರಬೇಕಿತ್ತು. ಐರ್ಲೆಂಡಿನ ಕಾರ್ಕ್ ಮತ್ತು ಕೆರಿ ಕೌಂಟಿಗಳ ಗಡಿಯಲ್ಲಿ ಸ್ಲೀವ್ ಲೂಕ್ರಾ ಅನ್ನೋ ಸೀಮೆ ಇದೆ. 1887ರಲ್ಲಿ ಹುಟ್ಟಿದ ಓ'ಕೀಫ್ ಆ ಸೀಮೆಯವರು. ಅಪ್ಪ ಹೆಡ್‌ಮಾಸ್ಟರ್. ಇವರೂ ಶಾಲೆ ಮೇಷ್ಟ್ರಾದರು, ಆದರೆ ಆ ಕೆಲಸ ಉಳಿಯಲಿಲ್ಲ. ಆಮೇಲೆ ಅವರ ಬದುಕೆಲ್ಲ ಊರೂರು ನಡೆದು, ಮನೆಮನೆಗೆ ಹೋಗಿ ಪಿಟೀಲು ಕಲಿಸುವುದರಲ್ಲೇ ಕಳೆಯಿತು. 1963ರಲ್ಲಿ ತೀರಿಕೊಂಡರು.

ಪಾಠ ಹೇಳಲು ಅವರೇ ಒಂದು ಬರವಣಿಗೆ ಮಾಡಿಕೊಂಡಿದ್ದರು. ಸಂಗೀತ ಬರೆಯುವ ಐದು ಗೆರೆಗಳ ನಡುವೆ ನಾಲ್ಕು ಸಂದು ಇರುತ್ತವಲ್ಲ, ಅವೇ ಪಿಟೀಲಿನ ನಾಲ್ಕು ತಂತಿ. ಒಂದೊಂದು ಸಂದಿನಲ್ಲೂ ಅಂಕಿಗಳು. ಸೊನ್ನೆ ಇದ್ದರೆ ಬೆರಳಿಡದೆ ನುಡಿಸು. ಒಂದು ಅಂದರೆ ತೋರುಬೆರಳು, ನಾಲ್ಕು ಅಂದರೆ ಕಿರುಬೆರಳು. ಶಿಷ್ಯರ ಮನೆಯಲ್ಲಿ ಹೀಗೆ ಬರೆದುಕೊಟ್ಟ ಚೀಟಿಗಳು ಈಗಲೂ ಉಳಿದಿವೆ.

ತಂಗೀ, ನಿನ್ನ ಲೇಖನದ ಜೀವ ಇರುವುದು ಈ ಚೀಟಿಯಲ್ಲಿ. ಬೆರಳು ಎಲ್ಲಿಡಬೇಕು ಅಂತ ಅದು ಹೇಳುತ್ತದೆ. ಕಮಾನನ್ನು ಎಷ್ಟು ಒತ್ತಬೇಕು, ಎಲ್ಲಿ ಹಗುರ ಮಾಡಬೇಕು ಅನ್ನೋದು ಅದರಲ್ಲಿ ಎಲ್ಲಿದೆ? ಅದನ್ನು ಎದುರಿಗೆ ಕೂತು ನೋಡಿಯೇ ಕಲಿಯಬೇಕು. ನೀನೂ ಸಂಗೀತದ ಪಾಠಕ್ಕೆ ಹೋದವಳು. ನೋಟ್‌ಬುಕ್ಕಿನಲ್ಲಿದ್ದ ಸ್ವರಕ್ಕೂ ಟೀಚರ್ ಬಾಯಲ್ಲಿ ಬರುತ್ತಿದ್ದ ಸ್ವರಕ್ಕೂ ಎಷ್ಟು ದೂರ ಇತ್ತು ಅಂತ ನೆನಪು ಮಾಡಿಕೋ. ಆ ದೂರದ ಬಗ್ಗೆ ಬರಿ.

ಡೆನಿಸ್ ಮರ್ಫಿ, ಜೂಲಿಯಾ ಕ್ಲಿಫರ್ಡ್ ಅಣ್ಣ-ತಂಗಿ. ಇಬ್ಬರೂ ಓ'ಕೀಫ್ ಶಿಷ್ಯರು. ಇವರು ಜೊತೆಯಾಗಿ ನುಡಿಸಿದ ಪೋಲ್ಕಾ ಅನ್ನೋ ಕುಣಿತದ ಮಟ್ಟು ಒಂದನ್ನು ಹಾಕಿಕೋ. ಒಂದೇ ಒಂದು ಸಾಕು, ಜಾಸ್ತಿ ಬೇಡ. ಎಂಟು ಬಾರ್‌ಗಳ, ಅಂದರೆ ತಾಳದ ಎಂಟು ಸಣ್ಣ ಸುತ್ತುಗಳ, ಒಂದು ಭಾಗ, ಅದು ಇನ್ನೊಂದು ಸಲ. ಆಮೇಲೆ ಎರಡನೇ ಭಾಗ, ಅದೂ ಎರಡು ಸಲ. ಮತ್ತೆ ಮೊದಲಿಂದ. ಮೊದಲ ದಿನ ಎಲ್ಲ ಒಂದೇ ಥರ ಕೇಳಿಸುತ್ತದೆ. ಹತ್ತು ದಿನ ಬಿಟ್ಟು ಕೇಳು, ಕಾಲು ಎಲ್ಲಿ ಏಳಬೇಕು ಅಂತ ಕಮಾನೇ ಹೇಳುತ್ತಿರುತ್ತದೆ. ಇದು ಕುಣಿಯುವವರಿಗಾಗಿ ಹುಟ್ಟಿದ ಸಂಗೀತ ಅಂತ ಆಗ ನೀನು ಬೇರೆಯಾಗಿ ಬರೆಯಬೇಕಾಗಿಲ್ಲ.

ಯಾರು ಯಾರಿಂದ ಕಲಿತರು ಅನ್ನೋದನ್ನು ಬಿಡಬೇಡ. ಸ್ಲೈಗೋ ಕೌಂಟಿಯ ಮೈಕಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋದರು. 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಅವರು ನುಡಿಸಿದ ಗ್ರಾಮಫೋನ್ ಪ್ಲೇಟುಗಳು ಹಡಗೇರಿ ಐರ್ಲೆಂಡಿಗೆ ವಾಪಸ್ ಬಂದವು. ಒಂದು ಕಡೆಗೆ ಮೂರು ನಿಮಿಷದ ಸಂಗೀತ. ಬೇರೆ ಬೇರೆ ಊರಿನ ಹುಡುಗರು ಪ್ಲೇಟು ಕೇಳಿ ಕೋಲ್ಮನ್ ಥರವೇ ನುಡಿಸಲು ಕೂತರು. ಎಷ್ಟೋ ಕಡೆ ಸ್ವಂತ ಊರಿನ ವರಸೆ ಹಿಂದೆ ಸರಿಯಿತು. ಕೋಲ್ಮನ್ ಕೈಚಳಕ ಕೇಳಿದಾಗೆಲ್ಲ ನನಗೆ ರೋಮಾಂಚನ ಆಗುತ್ತದೆ. ಹಾಗೆಯೇ ಹಿಂದೆ ಸರಿದ ಆ ವರಸೆಗಳನ್ನು ನೆನೆದು ಸಂಕಟವೂ ಆಗುತ್ತದೆ. ಎರಡನ್ನೂ ಬರೆಯುವ ಧೈರ್ಯ ಇರಲಿ.

ಇನ್ನು ಕೊನೆಯಲ್ಲಿ 'ನಮ್ಮ ಸಂಗೀತಕ್ಕೂ ಇದಕ್ಕೂ ಏನೋ ನಂಟು' ಅಂತ ಬರೆದಿದ್ದೀಯ. ಏನೋ ಅಂದರೆ ಸಾಲದು, ನಂಟು ನಿಜವಾಗಿ ಇದೆ. ಮದ್ರಾಸಿನಲ್ಲಿ ಯುರೋಪಿನವರ ವಾದ್ಯ ಕೇಳಿದ ಮುತ್ತುಸ್ವಾಮಿ ದೀಕ್ಷಿತರು ನೊಟ್ಟುಸ್ವರ ಅನ್ನೋ ಪಾಶ್ಚಾತ್ಯ ಧಾಟಿಯ ಪುಟ್ಟ ರಚನೆಗಳನ್ನು ಕಟ್ಟಿದರು. ಅವುಗಳಲ್ಲಿ ಕೆಲವಕ್ಕೆ ಐರ್ಲೆಂಡ್, ಬ್ರಿಟನ್ ದ್ವೀಪಗಳ ಮಟ್ಟುಗಳೇ ಆಧಾರ. ಅವರ ತಮ್ಮ ಬಾಲುಸ್ವಾಮಿ ಪಿಟೀಲು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಐರಿಶ್ ಪಿಟೀಲುಗಾರರು ಕುರ್ಚಿಯಲ್ಲಿ ಕೂತು ನುಡಿಸುವ ಅದೇ ವಾದ್ಯದ ತುದಿಯನ್ನು ನಾವು ನೆಲದ ಮೇಲೆ ಕೂತು ಪಾದಕ್ಕೆ ಆನಿಸಿಕೊಂಡೆವು. ಇಷ್ಟು ಹೇಳಿ ನಿಲ್ಲಿಸು, ಎಳೆಯಬೇಡ.

ಯುಗಾದಿಯೊಳಗೆ ಇನ್ನೊಂದು ಪ್ರತಿ ಕಳಿಸು. ಮೊದಲ ಪುಟದಲ್ಲಿ ಒಂದು ಮನೆ, ಒಂದು ಮೇಜು, ಓ'ಕೀಫ್ ಮೇಷ್ಟ್ರು ಬರೆಯುತ್ತಿರುವ ಅಂಕಿಗಳು ಇರಲಿ.

ನಿನ್ನ,
ಅಕ್ಕ