ಶುಕ್ರವಾರ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ

ನಾರ್ಸಿಸ್, ಮ್ಯಾನಿಟೋಬಾ, ಕೆನಡಾ
14 ಮೇ 2025, ಬುಧವಾರ

ಪ್ರೀತಿಯ ಅಮ್ಮನಿಗೆ, ಅಪ್ಪನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಜ್ಜಿಗೆ, ಚಿಕ್ಕಪ್ಪನ ಮನೆಯವರಿಗೆ ಕೇಳಿದೆ ಅಂತ ಹೇಳು.

ನಿನ್ನ ಪತ್ರದ ಫೋಟೋ ರಘು ನಿನ್ನೆ ಕಳಿಸಿದ. ನಾಲ್ಕು ಪುಟ. ಗೌರಿ ಕರು ಹಾಕಿದ್ದು, ಕಾಳುಮೆಣಸಿನ ರೇಟು, ಹಪ್ಪಳ ಒಣಗಿಸಿದ ದಿನವೇ ಮಳೆ ಬಂದಿದ್ದು ಎಲ್ಲ ಬರೆದಿದ್ದೀಯ. ಮೂರನೇ ಪುಟದ ಕೊನೆಯಲ್ಲಿ ಒಂದೇ ಸಾಲು: ಅಪ್ಪನ ಕಾಲಿಗೆ ಸಣ್ಣ ಹಾವೊಂದು ಕಚ್ಚಿತ್ತು, ಈಗ ಗುಣ, ಗಾಬರಿ ಆಗಬೇಡ. ಅಮ್ಮಾ, ಆ ಸಾಲನ್ನು ಮೊದಲು ಬರೆಯಬಾರದಿತ್ತಾ? ಅಷ್ಟು ದೂರ ನಗುತ್ತಾ ಓದಿಕೊಂಡು ಬಂದಿದ್ದೆ. ಆಮೇಲೆ ಕೈ ತಣ್ಣಗಾಯಿತು. ಇವತ್ತು ಬೆಳಿಗ್ಗೆ ತೂಕದ ಪುಸ್ತಕದಲ್ಲಿ ಎರಡು ಸಲ ತಪ್ಪು ಅಂಕಿ ಬರೆದೆ.

ರಘುಗೆ ಆಗಲೇ ಫೋನ್ ಮಾಡಿ ಎಲ್ಲ ಕೇಳಿದೆ. ಅಪ್ಪ ಆಸ್ಪತ್ರೆಯಲ್ಲಿ ಒಂದೇ ರಾತ್ರಿ ಇದ್ದು, ಬೆಳಿಗ್ಗೆ ತಾವೇ ಸಹಿ ಹಾಕಿ ಬಂದುಬಿಟ್ಟರಂತೆ. ಕೊನೇ ಸಲದ ರಕ್ತ ಪರೀಕ್ಷೆಯನ್ನು ಮಾಡಿಸಿಯೇ ಇಲ್ಲ. ಊತಕ್ಕೆ ಯಾರೋ ಕೊಟ್ಟ ಸೊಪ್ಪಿನ ಲೇಪ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದಾರಂತೆ. "ನಾನು ಹೇಳಿದರೆ ಅಪ್ಪ ಕೇಳೋದಿಲ್ಲ ಅಕ್ಕ. ನೀನು ಬರಿ. ನಿನ್ನ ಪತ್ರ ಆದರೆ ಎರಡು ಸಲ ಓದುತ್ತಾರೆ" ಎಂದ. ಅದಕ್ಕೇ ಈ ಪತ್ರ. ರಘು ಪೇಟೆಯಲ್ಲಿ ಪ್ರಿಂಟ್ ತೆಗೆಸಿ ನಾಳೆ ಸಂಜೆ ತಂದುಕೊಡುತ್ತಾನೆ. ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅಪ್ಪನನ್ನು ಹೊರಡಿಸು. ರಘುವೂ ಜೊತೆಗೆ ಹೋಗಲಿ.

ಯಾಕೆ ಹೇಳುತ್ತೇನೆ ಕೇಳು. ಸತ್ತ ಹಾವಿನ ಫೋಟೋವನ್ನೂ ರಘು ಕಳಿಸಿದ್ದಾನೆ. ಒಂದು ಮೊಳವೂ ಇಲ್ಲ. ಒಣಗಿದ ಅಡಿಕೆ ಸೋಗೆಯ ಬಣ್ಣ. ತಲೆ ಮೂರು ಮೂಲೆ, ಮೂತಿಯ ತುದಿ ಮೇಲಕ್ಕೆ ಎತ್ತಿಕೊಂಡಿದೆ. ಅದು ಕೊಳಕುಮಂಡಲದ ಮರಿ ಅಲ್ಲ. ಮಂಡಲದ ಜಾತಿಯದೇ ಆದ ಬೇರೆ ಹಾವು. ದೊಡ್ಡದಾದರೂ ಅಷ್ಟೇ ಉದ್ದ ಇರುತ್ತದೆ. ತೋಟದ ತರಗೆಲೆಯಲ್ಲಿ ಅಲ್ಲಾಡದೆ ಮಲಗುತ್ತದೆ. ಮನುಷ್ಯರು ಹತ್ತಿರ ಬಂದರೂ ಓಡುವುದಿಲ್ಲ. ಆ ಬಣ್ಣವನ್ನು ನಂಬಿಕೊಂಡು ಸುಮ್ಮನೆ ಇದ್ದುಬಿಡುತ್ತದೆ. ಕೈಯೋ ಕಾಲೋ ಮೇಲೆ ಬಿದ್ದಾಗ ಕಚ್ಚುತ್ತದೆ.

ನಮ್ಮ ದೇಶದಲ್ಲಿ ಹಾವು ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅಪ್ಪನಿಗೆ ಕಚ್ಚಿದ ಹಾವು ಆ ಪಟ್ಟಿಯಲ್ಲಿ ಇಲ್ಲ. ಆ ಔಷಧ ಇದಕ್ಕೆ ತಾಗುವುದಿಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡುತ್ತಾರೆ. ಗಾಜಿನ ಕೊಳವೆಯಲ್ಲಿ ರಕ್ತ ತೆಗೆದು 20 ನಿಮಿಷ ಬಿಟ್ಟರಂತೆ, ಹೆಪ್ಪುಗಟ್ಟಿತಂತೆ. ಅದು ಒಳ್ಳೆಯದೇ. ಆದರೆ ಈ ಹಾವಿನ ವಿಷ ಕೆಲವರಿಗೆ ಮೂತ್ರಪಿಂಡಕ್ಕೆ ಏಟು ಕೊಡುತ್ತದೆ, ಮತ್ತು ಅದು ಮೊದಲ ರಾತ್ರಿಯೇ ಗೊತ್ತಾಗುವುದಿಲ್ಲ. ಎಲ್ಲರಿಗೂ ಹಾಗೆ ಆಗುವುದಿಲ್ಲ ಅಮ್ಮ. ಜಾಸ್ತಿ ಜನಕ್ಕೆ ಬರೀ ಊತ, ನೋವು, ಗುಳ್ಳೆ, ಆಮೇಲೆ ಗುಣ. ಕಚ್ಚಿ ಎಂಟು ದಿನ ಆಯಿತು, ಅಪ್ಪ ಗಂಜಿ ಉಣ್ಣುತ್ತಿದ್ದಾರೆ, ಓಡಾಡುತ್ತಿದ್ದಾರೆ. ಇದೆಲ್ಲ ಒಳ್ಳೆ ಲಕ್ಷಣವೇ. ಆದರೂ ಒಂದು ರಕ್ತ ಪರೀಕ್ಷೆ, ಒಂದು ಮೂತ್ರ ಪರೀಕ್ಷೆ ಮಾಡಿಸದೆ ನನಗೆ ನಿದ್ದೆ ಬರುವುದಿಲ್ಲ.

ಅಲ್ಲಿವರೆಗೆ ಒಂದು ವಿಷಯ ಗಮನದಲ್ಲಿ ಇಟ್ಟುಕೋ. ಮೂತ್ರ ಕಡಿಮೆ ಆದರೆ, ಕಪ್ಪಗೆ ಬಂದರೆ, ಮುಖ ಬಾತುಕೊಂಡರೆ, ವಾಂತಿ ಬಂದ ಹಾಗೆ ಆದರೆ ಶುಕ್ರವಾರದ ತನಕ ಕಾಯಬೇಡ. ರಾತ್ರಿಯಾದರೂ ಸರಿ, ಗಾಡಿ ಮಾಡಿಕೊಂಡು ಶಿವಮೊಗ್ಗಕ್ಕೆ ಹೊರಡಿ. ಕಾಲು ನೋವು ಅಂತ ಅಂಗಡಿಯ ನೋವಿನ ಮಾತ್ರೆ ನುಂಗಿಸಬೇಡ. ಅದರಲ್ಲಿ ಕೆಲವು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಡಾಕ್ಟರನ್ನು ಕೇಳಿಯೇ ಕೊಡು. ಲೇಪ ಸಾಕು, ತೊಳೆದುಬಿಡು. ಲೇಪ ಕೊಟ್ಟವರ ಮನಸ್ಸು ಒಳ್ಳೆಯದೇ, ಅವರ ಮೇಲೆ ನನಗೆ ಕೋಪ ಇಲ್ಲ. ಹಣದ ಯೋಚನೆ ಬೇಡ, ರಘು ಖಾತೆಗೆ ಈಗಲೇ ಹಾಕಿದ್ದೇನೆ.

ಇನ್ನು ನೀನು ನಾಲ್ಕನೇ ಪುಟದಲ್ಲಿ ಬರೆದದ್ದು. ನಾನು ಇಲ್ಲಿ ಹಾವು ಹಿಡಿಯುತ್ತೇನೆ, ಅದಕ್ಕೇ ಅಲ್ಲಿ ಅಪ್ಪನಿಗೆ ಕಚ್ಚಿತು, ನಾಗನಿಗೆ ಸಿಟ್ಟು ಬಂದಿದೆ, ಈ ಕೆಲಸ ಬಿಟ್ಟು ಬಾ ಅಂತ. ಓದಿ ಕಣ್ಣಲ್ಲಿ ನೀರು ಬಂತು. ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಬೇಕು ಅಂತ ಹೇಳಿಕೊಂಡಿದ್ದೀಯ. ಮಾಡಿಸು. ನಾನು ಬೇಡ ಅನ್ನುವುದಿಲ್ಲ. ಡಿಸೆಂಬರಿಗೆ ಬಂದಾಗ ನಾನೂ ಬರುತ್ತೇನೆ. ಆದರೆ ಮೊದಲು ಆಸ್ಪತ್ರೆ, ಆಮೇಲೆ ಕುಕ್ಕೆ.

ನಾನು ಇಲ್ಲಿ ಮಾಡುವ ಕೆಲಸ ಏನು ಅಂತ ನಿನಗೆ ಸರಿಯಾಗಿ ಹೇಳಿಯೇ ಇಲ್ಲ ಅನ್ನಿಸುತ್ತದೆ. ತಪ್ಪು ನನ್ನದೇ. ಇದು ವಿನ್ನಿಪೆಗ್ ಊರಿನಿಂದ ಉತ್ತರಕ್ಕೆ ಸುಮಾರು 130 ಕಿಲೋಮೀಟರ್. ಬಯಲು, ಜೌಗು, ಸಣ್ಣ ಮರಗಳು. ನೆಲದ ಕೆಳಗೆ ಸುಣ್ಣಕಲ್ಲು. ಅಲ್ಲಲ್ಲಿ ಕಲ್ಲು ಕುಸಿದು ಗುಂಡಿ ಬಿದ್ದಿದೆ. ಚಳಿಗಾಲದಲ್ಲಿ ಇಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೋಗುವುದುಂಟು. ಹಾವುಗಳು ಆ ಬಿರುಕುಗಳಲ್ಲಿ, ಮಂಜು ಮುಟ್ಟದಷ್ಟು ಆಳಕ್ಕೆ ಇಳಿದು, ಏನೂ ತಿನ್ನದೆ ತಿಂಗಳುಗಟ್ಟಲೆ ಮಲಗುತ್ತವೆ. ಏಪ್ರಿಲ್ ಕೊನೆಗೆ ಬಿಸಿಲು ಕಂಡಾಗ ಮೇಲೆ ಬರುತ್ತವೆ. ಹತ್ತಾರು ಸಾವಿರ ಹಾವು ಅಮ್ಮ, ಕೆಲವೇ ಗುಂಡಿಗಳಲ್ಲಿ! ಜಗತ್ತಿನಲ್ಲಿ ಇಷ್ಟು ಹಾವು ಒಂದೇ ಕಡೆ ಸೇರುವ ಜಾಗ ಇನ್ನೊಂದಿಲ್ಲ ಅನ್ನುತ್ತಾರೆ. ಒಣ ಎಲೆಯ ಮೇಲೆ ಅವು ಹರಿಯುವ ಸದ್ದು ಮಳೆಗಾಲದ ಮೊದಲ ಹನಿಗಳು ಸೋಗೆ ಮೇಲೆ ಬಿದ್ದ ಹಾಗೆ ಇರುತ್ತದೆ. ಮೊದಲ ದಿನ ಅದನ್ನು ಕೇಳಿ ಮನೆ ನೆನಪಾಗಿ ಸುಮ್ಮನೆ ನಿಂತುಬಿಟ್ಟೆ.

ಇವಕ್ಕೆ ಗಾರ್ಟರ್ ಹಾವು ಅನ್ನುತ್ತಾರೆ. ಕಪ್ಪು ಮೈ, ಹಳದಿ ಪಟ್ಟೆ, ಪಕ್ಕದಲ್ಲಿ ಕೆಂಪು. ನಮ್ಮ ಗದ್ದೆಯ ನೀರುಹಾವಿನ ಹಾಗೆ. ಕಪ್ಪೆ, ಎರೆಹುಳು ತಿನ್ನುತ್ತವೆ. ಕಚ್ಚಿದರೂ ಗೀರಿದಷ್ಟೇ, ಮನುಷ್ಯರಿಗೆ ಅಪಾಯ ಇಲ್ಲ. ಶನಿವಾರ, ಭಾನುವಾರ ಇಲ್ಲಿಯ ಜನ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಎತ್ತಿಕೊಂಡು ಹಾವು ನೋಡಲು ಬರುತ್ತಾರೆ. ನಾಲ್ಕು ವರ್ಷದ ಮಗು ಹಾವನ್ನು ಎರಡು ಕೈಯಲ್ಲಿ ಹಿಡಿದು ನಿಲ್ಲುತ್ತದೆ! ಪಕ್ಕದ ಇನ್‌ವುಡ್ ಊರಿನಲ್ಲಿ ಈ ಹಾವಿನ ಜೋಡಿಯ ದೊಡ್ಡ ಮೂರ್ತಿ ಇದೆ. ಸ್ಯಾಮ್, ಸಾರಾ ಅಂತ ಹೆಸರು. ನೋಡಿದಾಗ ನಮ್ಮ ನಾಗಬನದ ಕಲ್ಲು ಕಣ್ಣೆದುರು ಬಂತು.

ನಾವು ಮಾಡುವುದು ಇಷ್ಟು. ಹಾವನ್ನು ಮೆತ್ತಗೆ ಎತ್ತುತ್ತೇವೆ. ಬಟ್ಟೆ ಚೀಲದಲ್ಲಿ ಹಾಕಿ ತೂಗುತ್ತೇವೆ. ಉದ್ದ ಅಳೆಯುತ್ತೇವೆ. ಅಕ್ಕಿ ಕಾಳಿನಷ್ಟು ಚಿಪ್ ಇಟ್ಟು ಗುರುತು ಮಾಡಿ, ಎತ್ತಿದ ಜಾಗದಲ್ಲೇ ಬಿಡುತ್ತೇವೆ. ಮುಂದಿನ ವರ್ಷ ಅದೇ ಹಾವು ಅದೇ ಗುಂಡಿಗೆ ಬಂದರೆ ಗೊತ್ತಾಗುತ್ತದೆ. ಬೇಸಿಗೆ ಕಳೆಯಲು ಕೆಲವು 20 ಕಿಲೋಮೀಟರ್‌ವರೆಗೆ ಜೌಗಿಗೆ ಹೋಗಿ, ಚಳಿಗೆ ಮುಂಚೆ ತಮ್ಮ ಗುಂಡಿಗೇ ವಾಪಸ್ ಬರುತ್ತವೆ. ಎತ್ತಿದಾಗ ಒಂದು ಕೆಟ್ಟ ವಾಸನೆ ಬಿಡುತ್ತವೆ, ಮೂರು ಸಲ ಸೋಪು ಹಾಕಿದರೂ ಕೈಯಿಂದ ಹೋಗುವುದಿಲ್ಲ.

ಗಂಡುಗಳು ಮೊದಲು ಮೇಲೆ ಬಂದು ಕಾಯುತ್ತವೆ. ಒಂದು ಹೆಣ್ಣು ಬಂದರೆ ಹತ್ತಾರು ಗಂಡುಗಳು ಸುತ್ತಿಕೊಂಡು ಚೆಂಡಿನ ಹಾಗೆ ಆಗುತ್ತದೆ. ಹೆಣ್ಣನ್ನು ಕಂಡುಹಿಡಿಯುವುದು ನಾಲಗೆಯಿಂದ. ಅವಳ ಚರ್ಮದ ಮೇಲಿನ ಜಿಡ್ಡಿನಲ್ಲಿ ಅದರ ಗುರುತು ಇರುತ್ತದೆ. ಅದು ಯಾವ ವಸ್ತು ಅಂತ ರಾಬರ್ಟ್ ಮೇಸನ್ ಮತ್ತು ಜೊತೆಯವರು 1989ರಲ್ಲಿ ತೋರಿಸಿದರು. ಅಜ್ಜಿಗೆ ಒಂದು ಮಾತು ಹೇಳು. ಗದ್ದೆ ಬದುವಿನಲ್ಲಿ ಎರಡು ಹಾವು ಹೆಣೆದುಕೊಂಡು ಎದ್ದು ನಿಂತಿದ್ದನ್ನು ನೋಡಿ, ಕೇರೆಗೂ ನಾಗರಕ್ಕೂ ಜೋಡಿ ಅಂತ ಬಟ್ಟೆ ಎಸೆಯುತ್ತಿದ್ದೆವಲ್ಲ? ಅದು ಸಾಮಾನ್ಯವಾಗಿ ಎರಡು ಗಂಡು ಕೇರೆಗಳ ಜಗಳ.

ಇನ್ನೊಂದನ್ನು ಅಪ್ಪನಿಗೆ ಓದಿ ಹೇಳು. ಇಲ್ಲಿ ಹೆದ್ದಾರಿ ಗುಂಡಿಗಳ ಪಕ್ಕದಲ್ಲೇ ಹೋಗುತ್ತದೆ. ಮೊದಲು ವರ್ಷಕ್ಕೆ ಸುಮಾರು 10,000 ಹಾವು ಗಾಡಿಯ ಅಡಿಗೆ ಬಿದ್ದು ಸಾಯುತ್ತಿದ್ದವು. 1999ರಲ್ಲಿ ಬಿಲ ಸೇರುವ ಮೊದಲೇ ಚಳಿ ಹಿಡಿದು ಹತ್ತಾರು ಸಾವಿರ ಸತ್ತವು. ಆಮೇಲೆ ಇಲ್ಲಿಯವರು ರಸ್ತೆ ಪಕ್ಕ ತಗ್ಗು ಬೇಲಿ ಕಟ್ಟಿ, ರಸ್ತೆಯ ಅಡಿಗೆ ಹಾವಿಗೆಂದೇ ಸುರಂಗ ಹಾಕಿದರು. ಈಗ ಸಾಯುವುದು ತುಂಬ ಕಡಿಮೆ. ಹಾವು ಯಾವಾಗ, ಯಾವ ದಾರಿಯಲ್ಲಿ ಹೋಗುತ್ತದೆ ಅಂತ ವರ್ಷಗಟ್ಟಲೆ ಕೂತು ನೋಡಿದವರು ಇದ್ದಿದ್ದಕ್ಕೇ ಇದು ಆಯಿತು. ನಮ್ಮ ಆಗುಂಬೆಯಲ್ಲೂ 2008ರಿಂದ ಕಾಳಿಂಗ ಸರ್ಪದ ಮೈಯೊಳಗೆ ಸಣ್ಣ ರೇಡಿಯೋ ಇಟ್ಟು, ಅದರ ಹಿಂದೆ ಕಾಡು ಸುತ್ತಿದರಲ್ಲ, ಅದೂ ಇಂಥದೇ ಕೆಲಸ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಜಾತಿ ಅಂತ ಕಳೆದ ವರ್ಷ ಗೊತ್ತಾಯಿತು. ಅದರ ಶಾಸ್ತ್ರೀಯ ಹೆಸರಿನಲ್ಲಿ ನಮ್ಮ 'ಕಾಳಿಂಗ' ಅನ್ನುವ ಮಾತೇ ಇದೆ. ಇಲ್ಲಿ ಯಾರು ಕೇಳಿದರೂ ಅದನ್ನು ಹೇಳುತ್ತೇನೆ. ಇದು ನನ್ನ ಅಮ್ಮ, ಅಜ್ಜಿ ಆಡುವ ಮಾತು ಅನ್ನುತ್ತೇನೆ.

ನನಗೆ ಹಾವಿನ ಮೇಲಿನ ಹೆದರಿಕೆ ಬಿಡಿಸಿದ್ದು ಅಪ್ಪ. ಬಚ್ಚಲಿಗೆ ಬಂದ ಹಸಿರು ಹಾವನ್ನು ಕೋಲಿನ ಮೇಲೆ ಏರಿಸಿಕೊಂಡು ಬೇಲಿಗೆ ಬಿಟ್ಟು ಬಂದಿದ್ದರು. ಆಗ ನಾನು ಎರಡನೇ ಕ್ಲಾಸು. ಮೊನ್ನೆಯೂ ತಿಮ್ಮ ಕತ್ತಿ ಎತ್ತಿದಾಗ, ಕಾಲು ಹಿಡಿದುಕೊಂಡು ಕೂತಿದ್ದ ಅಪ್ಪ "ಹೊಡೀಬೇಡವೋ" ಅಂತ ಕೂಗಿದರಂತೆ. ರಘು ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಅಂಥವರಿಗೆ ನಾಗ ಯಾಕೆ ಸಿಟ್ಟಾಗುತ್ತಾನೆ ಹೇಳು? ಅಪ್ಪ ಸಂಜೆಗತ್ತಲಲ್ಲಿ ಬರಿಗಾಲಲ್ಲಿ ತರಗೆಲೆ ಒಟ್ಟುಮಾಡುತ್ತಿದ್ದರು. ಹಾವು ಅಲ್ಲಿ ಇತ್ತು. ಅಷ್ಟೇ. ಇನ್ನು ಮೇಲೆ ಗಂಬೂಟು ಹಾಕದೆ, ಬ್ಯಾಟರಿ ಹಿಡಿಯದೆ ತೋಟಕ್ಕೆ ಇಳಿಯಬಾರದು. ಎಲೆಯನ್ನು ಕೈಯಲ್ಲಿ ಬಾಚಬಾರದು, ಮೊದಲು ಕೋಲಿನಿಂದ ಸರಿಸಬೇಕು. ಗಂಬೂಟು ತರಲು ರಘುಗೆ ಹೇಳಿದ್ದೇನೆ. ತಿಮ್ಮನಿಗೂ ಒಂದು ಜೊತೆ.

ನನ್ನ ಬಗ್ಗೆ ಒಂಚೂರೂ ಯೋಚನೆ ಮಾಡಬೇಡ. ಇಲ್ಲಿ ಹುಲ್ಲಿನಲ್ಲಿ ಉಣುಗು ಇದೆ ಅಂತ ರಘು ಹೇಳಿರಬೇಕು. ಇದರಿಂದ ಮಂಗನ ಕಾಯಿಲೆ ಬರುವುದಿಲ್ಲ. ದಿನಾ ಸಂಜೆ ಬಟ್ಟೆ ಜಾಡಿಸಿ, ಮೈಯೆಲ್ಲ ನೋಡಿಕೊಂಡು, ಬಿಸಿನೀರು ಸ್ನಾನ ಮಾಡಿಯೇ ಊಟ. ದಪ್ಪ ಸ್ವೆಟರ್ ಇದೆ. ಅನ್ನ, ಸಾರು ನಾನೇ ಮಾಡಿಕೊಳ್ಳುತ್ತೇನೆ. ಅಪ್ಪೆಮಿಡಿ ಇನ್ನೂ ಅರ್ಧ ಡಬ್ಬಿ ಉಳಿದಿದೆ. ರಾತ್ರಿ ಒಂಬತ್ತರವರೆಗೂ ಸೂರ್ಯ ಇರುತ್ತಾನೆ, ಅದೊಂದೇ ಅಭ್ಯಾಸ ಆಗಿಲ್ಲ. ಜೊತೆಯವರು ತುಂಬ ಒಳ್ಳೆಯವರು. ವಿಷಯ ಅವರಿಗೂ ಹೇಳಿದೆ, ಅಪ್ಪನ ಕಾಲು ಹೇಗಿದೆ ಅಂತ ಗಂಟೆಗೊಮ್ಮೆ ಕೇಳುತ್ತಿದ್ದಾರೆ. ನಾನು ನಿಜವಾಗಿಯೂ ಚೆನ್ನಾಗಿದ್ದೇನೆ.

ಅತ್ತೆ ತಂದ ಸಂಬಂಧದ ಮಾತು ಈಗ ಬೇಡ. ಅಪ್ಪನ ರಿಪೋರ್ಟ್ ಬಂದ ಮೇಲೆ ಫೋನಿನಲ್ಲಿ ಮಾತಾಡೋಣ.

ಗುಂಡಿಯ ಹತ್ತಿರ ಹೋಗುವ ವ್ಯಾನ್ ಬಂತು, ಕರೆಯುತ್ತಿದ್ದಾರೆ. ಮುಗಿಸುತ್ತೇನೆ. ಅಪ್ಪಾ, ಇದನ್ನು ಓದುತ್ತಿದ್ದರೆ, ನನಗಾಗಿ ಹೋಗಿ ಬನ್ನಿ.

ನಿನ್ನ ಮಗಳು,
ಸುಮ

ಮರೆತೆ. ಪರೀಕ್ಷೆಯ ಹೆಸರು ಸೀರಮ್ ಕ್ರಿಯಾಟಿನಿನ್. ರಘು, ಚೀಟಿಯಲ್ಲಿ ಬರೆದುಕೊಂಡು ಜೇಬಿಗೆ ಹಾಕಿಕೋ. ಹಾವಿನ ಫೋಟೋವನ್ನೂ ಡಾಕ್ಟರಿಗೆ ತೋರಿಸು. ರಿಪೋರ್ಟ್ ಕೈಗೆ ಬಂದ ತಕ್ಷಣ ಕಳಿಸು, ಇಲ್ಲಿ ಎಷ್ಟು ರಾತ್ರಿಯಾಗಿದ್ದರೂ ಎದ್ದಿರುತ್ತೇನೆ.