ಮರೆತ ಗುಂಡನ್ನು ಒಪ್ಪಿಸಲು ವಿಮಾನ ನಿಲ್ದಾಣದಲ್ಲಿ ಅವಕಾಶವಿರಲಿ

ಮಾನ್ಯ ಸಂಪಾದಕರೇ,

ವಿದೇಶಕ್ಕೆ ಹೊರಟ ಅಥವಾ ವಿದೇಶದಿಂದ ಮರಳಿದ ಪ್ರಯಾಣಿಕರ ಬ್ಯಾಗಿನಲ್ಲಿ ಒಂದೆರಡು ಜೀವಂತ ಗುಂಡು ಸಿಕ್ಕಿ, ಅವರ ಮೇಲೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾದ ಸುದ್ದಿಯನ್ನು ಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ಓದುತ್ತೇವೆ. ಸ್ವಂತ ಬಂದೂಕಿಗೆ ಲೈಸೆನ್ಸ್ ಇರುವವರು ಗಡಿ ದಾಟುವಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ವ್ಯವಸ್ಥೆಯೇ ನಮ್ಮಲ್ಲಿ ಇಲ್ಲದಿರುವುದು ಇದಕ್ಕೆ ಒಂದು ಮುಖ್ಯ ಕಾರಣವೆಂದು, ಹಲವು ವರ್ಷಗಳಿಂದ ಲೈಸೆನ್ಸ್ ಹೊಂದಿರುವ ನನ್ನ ಅಭಿಪ್ರಾಯ.

ಗೊಂದಲ ಕಾಯ್ದೆಯಿಂದಲೇ ಶುರುವಾಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ನೆಲ, ಜಲ, ವಾಯು ಯಾವ ಮಾರ್ಗದಿಂದಲೇ ಆಗಲಿ, ಆಯುಧವನ್ನು ದೇಶದೊಳಗೆ ತರುವುದಕ್ಕೂ ಹೊರಗೆ ಒಯ್ಯುವುದಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಅದೇ ಸೆಕ್ಷನ್ನಿನಲ್ಲಿ, ಕಾನೂನುಬದ್ಧವಾಗಿ ಆಯುಧ ಹೊಂದಿರುವವರು ಸ್ವಂತ ಬಳಕೆಗೆ ‘ಸಮಂಜಸ ಪ್ರಮಾಣ’ದಲ್ಲಿ ಕೊಂಡೊಯ್ಯಬಹುದೆಂಬ ವಿನಾಯಿತಿಯೂ ಇದೆ. ಇದೊಂದನ್ನೇ ಓದಿಕೊಂಡವರು ತಮಗೆ ಅಡ್ಡಿಯೇನೂ ಇಲ್ಲವೆಂದು ತಿಳಿಯುತ್ತಾರೆ. ಆದರೆ ಕಸ್ಟಮ್ಸ್ ನಿಯಮಗಳು ಬೇರೆಯೇ ಇವೆ. ವಿದೇಶದಿಂದ ಬರುವ ಸಾಮಾನ್ಯ ಪ್ರಯಾಣಿಕರು ತಮ್ಮ ಸಾಮಾನಿನ ಜೊತೆ ಬಂದೂಕು ತರುವಂತಿಲ್ಲ. ಅಲ್ಲಿನ ವಾಸ ಮುಗಿಸಿ ಊರಿಗೆ ಮರಳಿ ನೆಲೆಸುವವರು ಮಾತ್ರ, ಅಲ್ಲಿ ಕನಿಷ್ಠ ಒಂದು ವರ್ಷ ತಮ್ಮ ಬಳಿ ಇಟ್ಟುಕೊಂಡು ಬಳಸಿದ್ದ, ಅನುಮತಿ ಇರುವ ಬೋರಿನ (ನಳಿಗೆಯ ಒಳ ಅಳತೆಯ) ಒಂದೇ ಒಂದು ಬಂದೂಕನ್ನು, ಇಲ್ಲಿನ ಲೈಸೆನ್ಸ್ ಇದ್ದಲ್ಲಿ, ಸುಂಕ ಕಟ್ಟಿ ತರಬಹುದು. 2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿರುವುದನ್ನೂ ಇಲ್ಲಿ ನೆನಪಿಡಬೇಕು. ಇನ್ನು ನಮ್ಮ ಲೈಸೆನ್ಸಿನ ಮೇಲೆ ‘ಅಖಿಲ ಭಾರತ’ ಎಂಬ ಮುದ್ರೆ ಇದ್ದ ಮಾತ್ರಕ್ಕೆ ಅದು ಪರದೇಶದ ಅಧಿಕಾರಿಯ ಮುಂದೆ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ಕೊಡವ ಕುಟುಂಬಗಳ ಕೋವಿಗೆ ಇರುವ, 2029ರವರೆಗೆ ವಿಸ್ತರಣೆಯಾಗಿರುವ ಲೈಸೆನ್ಸ್ ವಿನಾಯಿತಿಯೂ ಅಷ್ಟೇ. ಅದು ಭಾರತದ ಕಾನೂನು ಕೊಟ್ಟ ವಿನಾಯಿತಿ.

ಹೊರದೇಶಗಳ ನಿಯಮಗಳಂತೂ ಒಂದರಂತೆ ಇನ್ನೊಂದಿಲ್ಲ. ಕೆನಡಾದಲ್ಲಿ ಪರಸ್ಥಳದವರು ನಿಗದಿತ ನಮೂನೆಯಲ್ಲಿ ಘೋಷಣೆ ಬರೆದುಕೊಟ್ಟು 25 ಕೆನಡಾ ಡಾಲರ್ ಕಟ್ಟಿದರೆ, ಬೇಟೆ ಅಥವಾ ಕ್ರೀಡೆಯ ಸಾಮಾನ್ಯ ಬಂದೂಕಿಗೆ 60 ದಿನಗಳ ಅನುಮತಿ ಸಿಗುತ್ತದೆ. ಯುರೋಪಿನ ಒಕ್ಕೂಟದಲ್ಲಿ ಅಲ್ಲಿನ ನಿವಾಸಿಗಳಿಗೆ ಸದಸ್ಯ ದೇಶಗಳ ನಡುವೆ ಬಂದೂಕು ಒಯ್ಯಲು ಪಾಸೇ ಸಿಗುತ್ತದೆ. ಅಮೆರಿಕದಲ್ಲಿ ಬಂದೂಕು ಅಂಗಡಿಯಲ್ಲಿ ಸಿಗುವ ಸರಕು ಎಂಬುದು ನಮ್ಮವರ ಸಾಮಾನ್ಯ ನಂಬಿಕೆ; ಆದರೆ ಅಲ್ಲಿನ ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ ವಲಸೆಯೇತರ (ತಾತ್ಕಾಲಿಕ ವಾಸದ) ವೀಸಾದಲ್ಲಿರುವವರು, ಅಂದರೆ ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವ ನಮ್ಮ ಮನೆಮಕ್ಕಳು ಸಹ, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳ ಹೊರತು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದು ಅಪರಾಧ. ವಾರಾಂತ್ಯದಲ್ಲಿ ಸ್ನೇಹಿತರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಂದು, ಅದೇ ಬೆನ್ನುಚೀಲ ಹೊತ್ತು ದೇವನಹಳ್ಳಿಯಲ್ಲಿ ಇಳಿಯುವ ಯುವಕರಿಗೆ ಇದನ್ನು ಯಾರಾದರೂ ಹೇಳಬೇಕು. ನೆನಪಿಗೆಂದು ಖಾಲಿ ಗುಂಡಿನ ಕವಚ ತರುವ ಹವ್ಯಾಸವೂ ಬೇಡ, ಏಕೆಂದರೆ ಮದ್ದುಗುಂಡಿನ ಬಿಡಿಭಾಗಗಳನ್ನೂ ನಮ್ಮ ಕಾಯ್ದೆ ಮದ್ದುಗುಂಡೆಂದೇ ಪರಿಗಣಿಸುತ್ತದೆ.

ಕೆರಿಬಿಯನ್ ಪ್ರದೇಶದ ಟರ್ಕ್ಸ್ ಅಂಡ್ ಕೈಕೋಸ್ ದ್ವೀಪಗಳಲ್ಲಿ 2024ರಲ್ಲಿ ಹಲವು ಅಮೆರಿಕನ್ ಪ್ರವಾಸಿಗರು ಬ್ಯಾಗಿನಲ್ಲಿ ಉಳಿದಿದ್ದ ಗುಂಡುಗಳ ಕಾರಣಕ್ಕೆ ಬಂಧನಕ್ಕೆ ಒಳಗಾದರು. ಅಲ್ಲಿನ ಕಾನೂನಿನಲ್ಲಿ ಇದಕ್ಕೆ ಕನಿಷ್ಠ ಶಿಕ್ಷೆ 12 ವರ್ಷ ಜೈಲು. ಅಸಾಧಾರಣ ಸಂದರ್ಭವೆಂದು ನ್ಯಾಯಾಲಯ ಒಪ್ಪಿದ್ದರಿಂದ ಅವರಲ್ಲಿ ಹೆಚ್ಚಿನವರು ದಂಡ ತೆತ್ತು, ಅಮಾನತಿನಲ್ಲಿಟ್ಟ ಶಿಕ್ಷೆಯೊಂದಿಗೆ ಮನೆಗೆ ಮರಳಿದರು; ಅಷ್ಟರೊಳಗೆ ವಾರಗಟ್ಟಲೆ ಆ ದ್ವೀಪ ಬಿಟ್ಟು ಹೊರಡಲಾಗದೆ ಕಳೆದಿದ್ದರು.

ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಗುಂಡು ಇಟ್ಟುಕೊಂಡರೆ, 2019ರ ತಿದ್ದುಪಡಿಯ ಬಳಿಕ, ಕನಿಷ್ಠ ಎರಡು ವರ್ಷಗಳಿಂದ ಐದು ವರ್ಷಗಳವರೆಗೆ ಸೆರೆವಾಸ. ಆಯುಧ ತನ್ನ ಬಳಿ ಇದೆಯೆಂಬ ಅರಿವು ಆರೋಪಿಗೆ ಇರಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರಷ್ಟು ಹಿಂದೆಯೇ ಹೇಳಿದೆ. ಅದನ್ನು ಆಧರಿಸಿ, ಚೀಲದ ಮೂಲೆಯಲ್ಲಿ ಮರೆತುಹೋಗಿದ್ದ ಒಂಟಿ ಗುಂಡಿನ ಅನೇಕ ಪ್ರಕರಣಗಳನ್ನು ಹೈಕೋರ್ಟುಗಳು ರದ್ದು ಮಾಡಿವೆ. ನ್ಯಾಯ ಕೊನೆಗೆ ಸಿಗುತ್ತದೆ, ನಿಜ. ಆದರೆ ಅದು ಸಿಗುವುದು ಎಫ್‌ಐಆರ್ ಆಗಿ, ವಿಮಾನ ತಪ್ಪಿ, ವಕೀಲರನ್ನು ಹುಡುಕಿ, ಗುಂಡು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿ ವರದಿ ಬಂದ ಮೇಲೆ. ಉದ್ಯೋಗದ ವೀಸಾಗೆ ಅರ್ಜಿ ಹಾಕಿರುವ ಯುವಕನಿಗೆ ಈ ನಡುವಿನ ಅವಧಿಯೇ ಶಿಕ್ಷೆ. ಇದರಲ್ಲಿ ಪೊಲೀಸರನ್ನಾಗಲಿ ತಪಾಸಣೆ ಮಾಡುವ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ (ಸಿಐಎಸ್‌ಎಫ್) ಸಿಬ್ಬಂದಿಯನ್ನಾಗಲಿ ನಾನು ದೂರುವುದಿಲ್ಲ. ಎಕ್ಸ್-ರೇ ಪರದೆಯಲ್ಲಿ ಗುಂಡು ಕಂಡ ಮೇಲೆ ಅವರಿಗೆ ಬೇರೆ ದಾರಿ ಉಳಿಯುವುದಿಲ್ಲ.

ಆದ್ದರಿಂದ ಆ ಪರದೆಯ ಮುಂದೆ ನಿಲ್ಲುವ ಮುನ್ನವೇ ಪ್ರಯಾಣಿಕನಿಗೆ ಒಂದು ಅವಕಾಶ ಬೇಕು. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಪ್ರವೇಶ ದ್ವಾರದ ಬಳಿ, ಪೊಲೀಸರ ಸುಪರ್ದಿನಲ್ಲಿ ಒಂದು ಕೌಂಟರ್ ತೆರೆದು, ಮರೆತು ತಂದ ಗುಂಡನ್ನು ತಾನಾಗಿಯೇ ಒಪ್ಪಿಸುವವರ ಗುರುತು ಮತ್ತು ಲೈಸೆನ್ಸ್ ವಿವರ ಬರೆದುಕೊಂಡು ರಸೀದಿ ಕೊಡುವ ಪದ್ಧತಿ ತರಬಹುದು. ಹೊರದೇಶದಿಂದ ಇಳಿದವರಿಗೆ ಇದೇ ಅನುಕೂಲ ಕಸ್ಟಮ್ಸ್ ತಪಾಸಣೆಗೆ ಮೊದಲು ಸಿಗಬೇಕು. ಇದರಿಂದ ಕಳ್ಳಸಾಗಣೆಗೆ ದಾರಿಯಾಗುತ್ತದೆ ಎಂಬ ಆಕ್ಷೇಪ ಬರಬಹುದು. ಆದರೆ ಕಳ್ಳಸಾಗಣೆ ಮಾಡುವವನು ತಾನಾಗಿ ಬಂದು ಗುಂಡು ಕೊಟ್ಟು ಹೆಸರು ಬರೆಸಲಾರ. ಇದಕ್ಕೆ ಕೇಂದ್ರ ಗೃಹ ಸಚಿವಾಲಯದ ಸ್ಪಷ್ಟ ಸುತ್ತೋಲೆ ಅಗತ್ಯ. ಅದನ್ನು ಕೇಳಿ ಪಡೆಯಲು ರಾಜ್ಯ ಸರ್ಕಾರ ಮುಂದಾಗಲಿ.

ಶೂಟಿಂಗ್ ಕ್ರೀಡಾಪಟುಗಳ ಪಾಡು ಸ್ವಲ್ಪ ಮೇಲು. ಅಂತರರಾಷ್ಟ್ರೀಯ ಸ್ಪರ್ಧೆಗೆ ಹೊರಡುವವರ ಬೆನ್ನಿಗೆ ಸಾಮಾನ್ಯವಾಗಿ ಆ ಕ್ರೀಡೆಯನ್ನು ನಡೆಸುವ ರೈಫಲ್ ಸಂಸ್ಥೆಯ ಪತ್ರಗಳಿರುತ್ತವೆ. ಅವರಿಗೂ ತೊಡಕಾಗುವುದು ವಿಮಾನ ಬದಲಿಸುವ ಊರುಗಳಲ್ಲಿ: ದುಬೈ, ದೋಹಾಗಳ ಮೂಲಕ ಹೋಗುವವರು ಟಿಕೆಟ್ ಕೊಳ್ಳುವ ಮುಂಚೆಯೇ ಆ ದೇಶದ ಅನುಮತಿ ಬೇಕೇ ಎಂದು ಕೇಳಿ ವಿಮಾನಯಾನ ಸಂಸ್ಥೆಯಿಂದ ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು. ಗುಂಡು ಕೊಂಡೊಯ್ಯಲು ವಿಮಾನಯಾನ ಸಂಸ್ಥೆ ಒಪ್ಪಿದರೂ ಅಂತರರಾಷ್ಟ್ರೀಯ ವಾಯುಯಾನ ನಿಯಮದ ಪ್ರಕಾರ ಒಬ್ಬರಿಗೆ 5 ಕಿಲೋ ಮಿತಿ, ಅದೂ ಚೆಕ್-ಇನ್ ಸಾಮಾನಿನಲ್ಲಿ ಮಾತ್ರ.

ಇನ್ನೊಂದು ಬೇಡಿಕೆ ನಗರ ಪೊಲೀಸ್ ಆಯುಕ್ತರ ಕಚೇರಿಯಲ್ಲಿ. ಲೈಸೆನ್ಸಿನ ಅವಧಿ ಈಗ ಐದು ವರ್ಷ. ನವೀಕರಣಕ್ಕೆ ಬರುವ ಪ್ರತಿಯೊಬ್ಬರ ಕೈಗೂ, ವಿದೇಶ ಪ್ರಯಾಣಕ್ಕೆ ಮುನ್ನ ಬಂದೂಕನ್ನು ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯ ಬಳಿಯೋ ಇರಿಸುವ ಕ್ರಮ, ಬ್ಯಾಗುಗಳನ್ನು ಪೂರ್ತಿ ಖಾಲಿ ಮಾಡಿ ನೋಡಬೇಕಾದ ಅಗತ್ಯ, ತರಬಾರದ ವಸ್ತುಗಳು ಇವಿಷ್ಟನ್ನು ಕನ್ನಡದಲ್ಲಿ ಮುದ್ರಿಸಿದ ಒಂದು ಹಾಳೆ ಕೊಟ್ಟರೆ ಸಾಕು. ಚುನಾವಣೆ ಬಂದಾಗ ಆಯುಧಗಳನ್ನು ಠಾಣೆಗೆ ಒಪ್ಪಿಸಿ ಎಂಬ ಸೂಚನೆ ನಮಗೆಲ್ಲ ತಪ್ಪದೆ ತಲುಪುತ್ತದೆ. ಅದೇ ವಿಳಾಸ ಪಟ್ಟಿಯನ್ನು ಬಳಸಿ ಈ ಹಾಳೆಯನ್ನೂ ಕಳುಹಿಸಬಹುದು.

ಇತಿ,
ಒಬ್ಬ ಲೈಸೆನ್ಸುದಾರ,
ಮಲ್ಲೇಶ್ವರ, ಬೆಂಗಳೂರು